ಬಚ್ಚಲಿನ ಸಂಕನ್ ಒಡೆಯಬೇಕಾ, ಮೇಲಿಂದಲೇ ರಿಪೇರಿ ಮಾಡಿದರೆ ಸಾಕಾ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು 1997ರಲ್ಲಿ ಕಟ್ಟಿಸಿದ ಎರಡು ಅಂತಸ್ತಿನ ಆರ್‌ಸಿಸಿ ಮನೆ. ಕೆಳಗೆ ಬಾಡಿಗೆಯವರು, ಮೇಲೆ ನಾವು. ಮೇಲಿನ ಬಚ್ಚಲು 5 ಅಡಿಗೆ 7 ಅಡಿ, ಇಂಡಿಯನ್ ಕಮೋಡ್ ಇದೆ. ಅತ್ತೆಗೆ ಮಂಡಿನೋವು, ಕೂತು ಏಳಲು ಆಗುತ್ತಿಲ್ಲ, ಹಾಗಾಗಿ ವೆಸ್ಟರ್ನ್ ಕಮೋಡ್ ಹಾಕಿಸಬೇಕು. ಜೊತೆಗೆ ಸ್ನಾನದ ನೀರು ನಿಧಾನಕ್ಕೆ ಹೋಗುತ್ತದೆ, ವಾಸನೆ ಬರುತ್ತದೆ, ಕೆಳಗಿನವರ ಅಡುಗೆಮನೆ ಸೀಲಿಂಗ್‌ನಲ್ಲಿ ಒಂದು ವರ್ಷದಿಂದ ತೇವದ ಕಲೆ ದೊಡ್ಡದಾಗುತ್ತಿದೆ. ಗಾರೆ ಮೇಸ್ತ್ರಿ "ಹಳೆ ಟೈಲ್ಸ್ ಮೇಲೇ ಹೊಸ ಟೈಲ್ಸ್ ಹಾಕಿ ಸಂದಿಗೆ ಎಪಾಕ್ಸಿ (ನೀರು ಬಿಡದ ಗಟ್ಟಿ ಅಂಟು) ತುಂಬಿದರೆ ಸಾಕು" ಅನ್ನುತ್ತಾರೆ. ಪ್ಲಂಬರ್ "ಪೂರ್ತಿ ಸಂಕನ್ ಒಡೆಯಬೇಕು" ಅನ್ನುತ್ತಾರೆ. ಒಡೆದರೆ ಸ್ಲ್ಯಾಬಿಗೆ ಏನಾದರೂ ಆಗುತ್ತಾ? ಕಮೋಡನ್ನು ಎದುರು ಗೋಡೆಗೆ ಸರಿಸಬಹುದಾ? ತಲೆಯ ಮೇಲೇ ಇರುವ ಹೊಸ ತರಹದ ದೊಡ್ಡ ಶವರ್ ಹಾಕಿಸುವ ಆಸೆಯೂ ಇದೆ.

ಉತ್ತರ: ನಿಮ್ಮ ಪ್ಲಂಬರ್ ಹೇಳಿದ್ದು ಸರಿ. ಒಡೆಯಲೇಬೇಕು. ಆದರೆ ನಾಳೆಯೇ ಸುತ್ತಿಗೆ ಹಿಡಿಸಬೇಡಿ, ಅದಕ್ಕೂ ಮುಂಚೆ ನಾಲ್ಕೈದು ದಿನದ ಪರೀಕ್ಷೆ ಇದೆ, ಅದಕ್ಕೆ ಹೆಚ್ಚೇನೂ ಖರ್ಚಿಲ್ಲ. ಕಮೋಡ್, ನಲ್ಲಿ, ಶವರ್ ಯಾವುದನ್ನೂ ಇನ್ನೂ ಖರೀದಿಸಬೇಡಿ. ಎಲ್ಲರೂ ಅಂಗಡಿಯಿಂದ ಶುರು ಮಾಡುತ್ತಾರೆ, ಕೆಲಸ ಕೆಡುವುದು ಅಲ್ಲಿಂದಲೇ.

ಮೊದಲು ನಿಮ್ಮ ಬಚ್ಚಲಿನ ನೆಲದ ಕೆಳಗೆ ಏನಿದೆ ಅಂತ ತಿಳಿದುಕೊಳ್ಳಿ. ಬಚ್ಚಲಿರುವ ಜಾಗದಲ್ಲಿ ಸ್ಲ್ಯಾಬನ್ನು ಉಳಿದ ರೂಮಿಗಿಂತ 8 ಇಂಚೋ, 1 ಅಡಿಯೋ, ಕೆಲವು ಕಡೆ ಒಂದೂವರೆ ಅಡಿಯೋ ಕೆಳಗೆ ಇಳಿಸಿ ಹಾಕಿರುತ್ತಾರೆ. ನೋಡಲು ತೊಟ್ಟಿಯ ಹಾಗೆ. ಅದೇ ಸಂಕನ್. ಅದರೊಳಗೆ ಪೈಪು ಎಳೆದು, ಇಟ್ಟಿಗೆ ಚೂರು ತುಂಬಿ, ಮೇಲೆ ಕಾಂಕ್ರೀಟು ಹಾಕಿ, ಟೈಲ್ಸ್ ಕೂರಿಸುತ್ತಾರೆ. ಟೈಲ್ಸ್ ಸಂದಿಯಿಂದಲೋ, ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ಬಾಯಿ, ವಾಸನೆ ತಡೆಯಲು ಒಳಗೆ ಸ್ವಲ್ಪ ನೀರು ನಿಂತಿರುತ್ತದೆ) ಸುತ್ತಲಿಂದಲೋ, ಪೈಪಿನ ಜಾಯಿಂಟ್‌ನಿಂದಲೋ ಇಳಿದ ನೀರಿಗೆ ಆ ತೊಟ್ಟಿಯಿಂದ ಹೊರಗೆ ಹೋಗಲು ದಾರಿಯೇ ಇಲ್ಲ. ಇಟ್ಟಿಗೆ ಚೂರು ನೀರನ್ನು ಹೀರಿಕೊಂಡು ವರ್ಷಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಕೆಳಗಿನವರ ಸೀಲಿಂಗ್‌ನಲ್ಲಿ ನಿಮಗೆ ಕಾಣುತ್ತಿರುವುದು ಇವತ್ತಿನ ಸ್ನಾನದ ನೀರೇ ಆಗಿರಬೇಕಿಲ್ಲ, ಎಷ್ಟೋ ತಿಂಗಳ ಹಿಂದಿನದೂ ಆಗಿರಬಹುದು.

ಈಗ ಮೇಸ್ತ್ರಿಯ ಮಾತಿಗೆ ಬರೋಣ. ಟೈಲ್ಸ್ ಮೇಲೆ ಟೈಲ್ಸ್ ಹಾಕುವುದು ತಪ್ಪು ವಿಧಾನ ಅಲ್ಲ. ಪೈಪು ಚೆನ್ನಾಗಿದ್ದು, ಸಂಕನ್ ಒಣಗಿದ್ದು, ಸಂದಿಯ ಸಿಮೆಂಟ್ ಮಾತ್ರ ಹೋಗಿದ್ದರೆ ಎಪಾಕ್ಸಿ ಒಳ್ಳೆಯ ಪರಿಹಾರವೇ. ನಿಮ್ಮ ಮನೆಯ ಕತೆ ಬೇರೆ. ಒಳಗೆ ನೀರು ತುಂಬಿದ ತೊಟ್ಟಿಯ ಮೇಲೆ ಮುಚ್ಚಳ ಹಾಕಿದ ಹಾಗೆ ಆಗುತ್ತದೆ, ಮೇಲಕ್ಕೆ ಆವಿಯಾಗಿ ಹೋಗುತ್ತಿದ್ದ ಅಲ್ಪಸ್ವಲ್ಪ ತೇವವೂ ಕೆಳಗಡೆಯೇ ಇಳಿಯುತ್ತದೆ. ನೆಲವೂ ಮುಕ್ಕಾಲು ಇಂಚು ಏರುತ್ತದೆ, ಹೊಸಿಲಿಗೂ ಬಚ್ಚಲಿಗೂ ಇರುವ ಅಂತರ ಕಡಿಮೆಯಾಗಿ ನೀರು ರೂಮಿಗೆ ಬರುತ್ತದೆ. ಅದಲ್ಲದೆ ಕಮೋಡ್ ಬದಲಾಯಿಸಲು ಹೇಗೂ ನೆಲ ಒಡೆಯಲೇಬೇಕು. ಅರ್ಧ ಒಡೆದು ಅರ್ಧ ಉಳಿಸಿದರೆ ಹಳೆಯದೂ ಹೊಸದೂ ಸೇರುವ ಗೆರೆಯಲ್ಲೇ ಮತ್ತೆ ಸೋರುತ್ತದೆ. ನಾನು ನೋಡಿದ ಅರ್ಧಂಬರ್ಧ ರಿಪೇರಿಗಳಲ್ಲಿ ಬಹುಪಾಲು ಹೀಗೇ ಕೆಟ್ಟಿವೆ.

ಪರೀಕ್ಷೆ ಹೀಗೆ ಮಾಡಿ. ಒಡೆಯುವುದು ಖಾತ್ರಿ ಆದರೂ ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಿರಬೇಕು, ಇಲ್ಲದಿದ್ದರೆ ಹೊಸ ನೆಲ ಹಾಕಿದ ಮೇಲೂ ಗೋಡೆಯೊಳಗಿನ ಹಳೆ ಪೈಪು ಸೋರುತ್ತಲೇ ಇರುತ್ತದೆ. ಎರಡು ದಿನ ಬಚ್ಚಲು ಬಳಸಬೇಡಿ, ಆದರೆ ಟ್ಯಾಂಕಿನ ವಾಲ್ವ್ ತೆರೆದೇ ಇಡಿ. ಕೆಳಗಿನ ಕಲೆ ಹನಿಯುತ್ತಲೇ ಇದ್ದರೆ ನಲ್ಲಿಗೆ ನೀರು ತರುವ ಪೈಪಿನ ಮೇಲೆ ಅನುಮಾನ. ಆಮೇಲೆ ವಾಲ್ವ್ ಮುಚ್ಚಿ ಇನ್ನೊಂದು ದಿನ ನೋಡಿ, ಹನಿಯುವುದು ಕಡಿಮೆ ಆದರೆ ಅನುಮಾನ ನಿಜ. ಮುಂದಿನದು ನೆಲದ ಪರೀಕ್ಷೆ. ನಹಾನಿ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ, ಬಾಗಿಲಲ್ಲಿ ಸಿಮೆಂಟಿನದೋ ಜೇಡಿಮಣ್ಣಿನದೋ ಸಣ್ಣ ಕಟ್ಟೆ ಕಟ್ಟಿ, 1 ಇಂಚು ನೀರು ನಿಲ್ಲಿಸಿ. ಬಟ್ಟೆಗೆ ಹಾಕುವ ನೀಲಿ ಸ್ವಲ್ಪ ಬೆರೆಸಿ. ಒಂದು ದಿನದಲ್ಲಿ ನೀರು ಇಳಿದರೆ ನೆಲ ಸೋರುತ್ತಿದೆ ಅಂತ ಅರ್ಥ. ಇಳಿಯದೆ ನಿಂತು, ಬಟ್ಟೆ ತೆಗೆದು ನೀರು ಬಿಟ್ಟ ಮೇಲೆ ಕೆಳಗೆ ಕಲೆ ಜಾಸ್ತಿಯಾದರೆ ಡ್ರೈನ್ ಪೈಪು ಸೋರುತ್ತಿದೆ. ನಿಮ್ಮ ಮನೆಯ ವಯಸ್ಸಿಗೆ ಎರಡೂ ಸೋರುತ್ತಿದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಅದೇ ವೇಳೆಗೆ ಹೊರಗೂ ಹೋಗಿ ನೋಡಿ. ನೀರು ನಿಧಾನಕ್ಕೆ ಹೋಗಲು ಕಾರಣ ಬಚ್ಚಲೊಳಗೇ ಇರಬೇಕಿಲ್ಲ. ಮನೆಯ ಹೊರಗೆ ಚರಂಡಿ ಪೈಪು ಬಂದು ಸೇರುವ ಗುಂಡಿ, ಅಂದರೆ ಚೇಂಬರಿನ ಮುಚ್ಚಳ ತೆಗೆಸಿ, ಮೇಲಿಂದ ಒಂದು ಬಕೆಟ್ ನೀರು ಒಮ್ಮೆಲೇ ಸುರಿದು, ಚೇಂಬರಿಗೆ ಹೇಗೆ ಬರುತ್ತದೆ ಅಂತ ಗಮನಿಸಿ. ಆಗಿನ ಮನೆಗಳಲ್ಲಿ ನೆಲದೊಳಗೆ ಜೇಡಿಮಣ್ಣಿನ ಸ್ಟೋನ್‌ವೇರ್ ಪೈಪು ಹಾಕಿ ಜಾಯಿಂಟಿಗೆ ಸಿಮೆಂಟು ಮೆತ್ತುತ್ತಿದ್ದರು, ಹತ್ತಿರ ತೆಂಗಿನ ಮರವೋ ನುಗ್ಗೆ ಮರವೋ ಇದ್ದರೆ ಬೇರು ಒಳಗೆ ಹೊಕ್ಕಿರುತ್ತದೆ. ಆ ದಾರಿ ಕಟ್ಟಿದ್ದರೆ ಮೇಲೆ ಎಷ್ಟು ಒಳ್ಳೆಯ ಪೈಪು ಹಾಕಿದರೂ ಪ್ರಯೋಜನ ಇಲ್ಲ. ಹಾಗೇ ತಾರಸಿಗೂ ಹೋಗಿ. ಕಮೋಡಿನ ಪೈಪು ಗೋಡೆಯ ಹೊರಗೆ ನೇರವಾಗಿ ತಾರಸಿಗಿಂತ ಮೇಲೆ ಹೋಗಿ, ತುದಿಯಲ್ಲಿ ಟೊಪ್ಪಿಗೆ ಇರಬೇಕು. ಅದು ವೆಂಟ್, ಗಾಳಿಯ ಪೈಪು. ಸೋಲಾರ್ ಕೂರಿಸುವಾಗ, ಶೀಟ್ ಹಾಕಿಸುವಾಗ ಅಡ್ಡ ಬಂತು ಅಂತ ಅದನ್ನು ಕತ್ತರಿಸಿ ಸಿಮೆಂಟು ತುಂಬಿಬಿಡುತ್ತಾರೆ. ಆಗ ಸ್ನಾನದ ಪೈಪೂ ಕಮೋಡಿನ ಪೈಪೂ ಎಲ್ಲಾದರೂ ಸೇರಿದ್ದರೆ, ಕಮೋಡಿನ ನೀರು ಜೋರಾಗಿ ಇಳಿಯುವಾಗ ಗಾಳಿ ಬೇಕಲ್ವಾ, ಅದು ನಹಾನಿ ಟ್ರ್ಯಾಪಿನಿಂದ ಎಳೆದುಕೊಳ್ಳುತ್ತದೆ. ಗುಳುಗುಳು ಅಂತ ಶಬ್ದ ಬರುತ್ತದೆ, ಟ್ರ್ಯಾಪಿನಲ್ಲಿ ನಿಂತ ನೀರು ಹೋಗಿಬಿಡುತ್ತದೆ, ಚರಂಡಿಯ ವಾಸನೆಯೂ ಜಿರಳೆಯೂ ನೇರ ಮನೆಯೊಳಗೆ. ನಿಮ್ಮ ವಾಸನೆಗೆ ಇದೇ ಕಾರಣವಾಗಿದ್ದರೆ ಒಂದು ಉದ್ದ ಪೈಪು, ಒಂದು ಟೊಪ್ಪಿಗೆಯಲ್ಲಿ ಮುಗಿಯುತ್ತದೆ.

ಸ್ಲ್ಯಾಬಿಗೆ ಏನಾದರೂ ಆಗುತ್ತಾ ಅಂತ ಕೇಳಿದ್ದೀರಿ. ಸಂಕನ್ನಿನ ಒಳಗಿರುವುದು ತುಂಬಿದ ವಸ್ತು ಅಷ್ಟೇ, ಅದನ್ನು ತೆಗೆಯುವುದರಿಂದ ಸ್ಲ್ಯಾಬಿನ ಮೇಲಿನ ಭಾರ ಇಳಿಯುತ್ತದೆ. ಅಪಾಯ ಇರುವುದು ಒಡೆಯುವ ರೀತಿಯಲ್ಲಿ. ಆ ಸ್ಲ್ಯಾಬಿನ ದಪ್ಪ ಸಾಮಾನ್ಯವಾಗಿ 4ರಿಂದ 5 ಇಂಚು, ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ ಮುಕ್ಕಾಲು ಇಂಚಿನಷ್ಟು. ದೊಡ್ಡ ಬ್ರೇಕರ್ ಮೆಷಿನ್ ಹಿಡಿದವನಿಗೆ ಇಟ್ಟಿಗೆ ಚೂರು ಎಲ್ಲಿ ಮುಗಿಯಿತು, ಸ್ಲ್ಯಾಬ್ ಎಲ್ಲಿ ಶುರುವಾಯಿತು ಅಂತ ಕೈಗೆ ಗೊತ್ತಾಗುವುದೇ ಇಲ್ಲ. ಮೈಸೂರಿನ ಒಂದು ಮನೆಗೆ ನನ್ನನ್ನು ಕರೆಸಿದಾಗ ಕೆಲಸದವರು ಆಗಲೇ 4 ಇಂಚಿನ ಪೈಪಿಗೆ ದಾರಿ ಮಾಡಲು ಸಂಕನ್ನಿನ ಪಕ್ಕದ ಬೀಮನ್ನೇ ಕೊರೆದಿದ್ದರು, ಕೆಳಗಿನ ಎರಡು ಕಂಬಿ ತುಂಡಾಗಿದ್ದವು. ಕೆಳಗಡೆ ಜಾಕಿ ಕೊಟ್ಟು ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ, ಸರಿ ಮಾಡುವ ಹೊತ್ತಿಗೆ ಎರಡು ತಿಂಗಳಾಯಿತು. ಬಚ್ಚಲಿಗೆ ಮಾಡಬೇಕಿದ್ದ ಖರ್ಚು ಎಲ್ಲಾ ಅಲ್ಲೇ ಮುಗಿಯಿತು. ಆ ಮನೆಯ ಅಜ್ಜಿ ಅಷ್ಟೂ ದಿನ ಪಕ್ಕದ ಮನೆಗೆ ಹೋಗಿ ಬರುತ್ತಿದ್ದರು, ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಹಾಗಾಗಿ ಮಾತು ಮೊದಲೇ ಆಗಿರಲಿ. ಟೈಲ್ಸ್ ಮತ್ತು ಮೇಲಿನ ಕಾಂಕ್ರೀಟಿಗೆ ಸಣ್ಣ ಚಿಪ್ಪಿಂಗ್ ಮೆಷಿನ್, ಅದರ ಕೆಳಗೆ ಚಾಣ, ಸುತ್ತಿಗೆ, ಗುದ್ದಲಿ ಮಾತ್ರ. ಬೀಮಿಗೆ ಯಾರೂ ಕೈ ಹಾಕುವಂತಿಲ್ಲ. ಹಳೆ ಪೈಪು ಹೊರಗೆ ಹೋಗಿರುವ ತೂತು ಇದ್ದೇ ಇರುತ್ತದೆ, ಅದನ್ನೇ ಬಳಸಿ. ಹೊಸ ತೂತು ಬೇಕೇ ಬೇಕು ಅಂದರೆ ಎಂಜಿನಿಯರ್ ಗುರುತು ಮಾಡಿದ ಜಾಗದಲ್ಲಿ ಕೋರ್ ಕಟಿಂಗ್ ಮೆಷಿನ್‌ನಿಂದ (ಬಡಿಯದೆ ದುಂಡಗೆ ಕೊರೆಯುವ ಯಂತ್ರ) ಕೊರೆಸಿ.

ಇನ್ನೊಂದು ವಿಷಯ ಜನ ಯೋಚಿಸುವುದೇ ಇಲ್ಲ, ಒಡೆದ ಕಸದ ಭಾರ. ನಿಮ್ಮ 5 ಅಡಿ, 7 ಅಡಿ ಬಚ್ಚಲಿನಲ್ಲಿ ಸಂಕನ್ 1 ಅಡಿ ಆಳ ಇದ್ದರೆ 35 ಘನ ಅಡಿ, ಅಂದರೆ ಹತ್ತಿರ ಹತ್ತಿರ 1 ಘನ ಮೀಟರ್. ಇಟ್ಟಿಗೆ ಚೂರು, ಕಾಂಕ್ರೀಟು ಸೇರಿ ಒಂದೂವರೆ ಟನ್ನಿಗಿಂತ ಜಾಸ್ತಿ, ನೀರು ಕುಡಿದಿದ್ದರೆ ಇನ್ನೂ ಭಾರ. ಅದನ್ನು ಚೀಲಕ್ಕೆ ತುಂಬಿ ಪಕ್ಕದ ರೂಮಿನಲ್ಲಿ ಒಂದೇ ಕಡೆ ಪೇರಿಸುತ್ತಾರೆ, ಭಾನುವಾರ ಟ್ರ್ಯಾಕ್ಟರ್ ಬರುತ್ತೆ ಅಂತ. ವಾಸದ ಮನೆಯ ಸ್ಲ್ಯಾಬನ್ನು ಬಳಕೆಯ ಭಾರಕ್ಕೆ ಅಂತ ಲೆಕ್ಕ ಹಾಕುವುದು ಚದರ ಮೀಟರಿಗೆ 200 ಕೆ.ಜಿ. ಮಾತ್ರ. ಆಯಾ ದಿನದ ಕಸ ಆಯಾ ದಿನ ಕೆಳಗಿಳಿಯಬೇಕು. ಇದನ್ನು ಕೂಲಿ ಮಾತಾಡುವಾಗಲೇ ಸೇರಿಸಿ.

ಒಡೆಯುವಾಗ ಬೂದು ಬಣ್ಣದ, ಸಿಮೆಂಟಿನ ಹಾಗೆ ಕಾಣುವ ಪೈಪು ಸಿಕ್ಕರೆ ಸ್ವಲ್ಪ ನಿಲ್ಲಿ. ಅದು ಎಸಿ ಪೈಪು, ಅಂದರೆ ಆಸ್ಬೆಸ್ಟಾಸ್ ಸೇರಿಸಿದ ಸಿಮೆಂಟ್ ಪೈಪು ಇರಬಹುದು. ಆಗ ತುಂಬಾ ಬಳಸುತ್ತಿದ್ದರು. ಅದನ್ನು ಗ್ರೈಂಡರ್‌ನಲ್ಲಿ ಕೊಯ್ಯಬಾರದು, ಸುತ್ತಿಗೆಯಲ್ಲಿ ಪುಡಿ ಮಾಡಲೂಬಾರದು. ಅದರ ದೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲದು. ಚೆನ್ನಾಗಿ ನೀರು ಹಾಕಿ ನೆನೆಸಿ, ಇಡೀ ಪೈಪನ್ನೇ ಜಾಯಿಂಟಿನಲ್ಲಿ ಬಿಡಿಸಿ ತೆಗೆಸಿ. ಕೆಲಸದವರಿಗೆ ಒಳ್ಳೆಯ ಮಾಸ್ಕ್ ನೀವೇ ತಂದುಕೊಡಿ, ಬಟ್ಟೆಯದು ಸಾಲದು. ಅವರ ಮನೆಯಲ್ಲೂ ಮಕ್ಕಳಿದ್ದಾರೆ.

ಎಲ್ಲಾ ಖಾಲಿಯಾದ ಮೇಲೆ ಸ್ಲ್ಯಾಬ್ ತೊಳೆದು ಒಂದೆರಡು ದಿನ ಒಣಗಲು ಬಿಡಿ. ಮೇಲಿಂದಲೂ ಕೆಳಗಿನವರ ಅಡುಗೆಮನೆಯಿಂದಲೂ ಸಣ್ಣ ಸುತ್ತಿಗೆಯಲ್ಲಿ ಬಡಿದು ನೋಡಿ. ಟಣ್ ಅಂದರೆ ಗಟ್ಟಿ. ಡಬ ಡಬ ಅಂದರೆ ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಎಬ್ಬಿಸಿದೆ. ಅಂಥ ಕಡೆ ಸಡಿಲ ಭಾಗ ತೆಗೆದು, ಕಂಬಿಯನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ತಡೆಯುವ ಬಣ್ಣ ಹಚ್ಚಿ, ಪಾಲಿಮರ್ ಸೇರಿಸಿದ ಗಾರೆಯಲ್ಲಿ ಮುಚ್ಚಬೇಕು. ಕಂಬಿ ಸವೆದು ತೆಳ್ಳಗಾಗಿದ್ದರೆ ಮಾತ್ರ ಸುಮ್ನೆ ಮುಚ್ಚಬೇಡಿ, ಎಂಜಿನಿಯರ್ ಕರೆಸಿ.

ಈಗ ಕಮೋಡ್. ಇಂಡಿಯನ್ ತೆಗೆದು ವೆಸ್ಟರ್ನ್ ಕೂರಿಸುವಾಗ ಬಹಳ ಕಡೆ ಆಗುವ ಒಂದು ತಪ್ಪು ಹೇಳುತ್ತೇನೆ, ಇದನ್ನು ನಿಮ್ಮ ಪ್ಲಂಬರ್ ಹತ್ತಿರ ನೀವೇ ಕೇಳಿ. ಇಂಡಿಯನ್ ಕಮೋಡಿನ ಕೆಳಗೆ ಬೇರೆಯಾಗಿ ಒಂದು ಟ್ರ್ಯಾಪ್ ಇರುತ್ತದೆ, ನೀರು ನಿಲ್ಲುವ ಬಾಗು. ವೆಸ್ಟರ್ನ್ ಕಮೋಡಿಗೆ ಆ ಬಾಗು ಅದರೊಳಗೇ ಇದೆ. ಹಳೆ ಟ್ರ್ಯಾಪ್ ತೆಗೆಯದೆ ಅದರ ಬಾಯಿಗೇ ಹೊಸದನ್ನು ಕೂರಿಸಿದರೆ ಎರಡು ಬಾಗು ಒಂದರ ಹಿಂದೆ ಒಂದು ಆಗುತ್ತದೆ. ಮಧ್ಯೆ ಗಾಳಿ ಸಿಕ್ಕಿಕೊಂಡು ಫ್ಲಶ್ ಮಾಡಿದಾಗ ನೀರು ಏರುತ್ತದೆ, ಮಲ ಪೂರ್ತಿ ಹೋಗುವುದಿಲ್ಲ, ಪದೇ ಪದೇ ಕಟ್ಟುತ್ತದೆ. ಆಮೇಲೆ ಎಲ್ಲರೂ ಕಮೋಡ್ ಕಂಪನಿಯನ್ನು ಬೈಯುತ್ತಾರೆ. ಹಳೆ ಟ್ರ್ಯಾಪ್ ಪೂರ್ತಿ ಕಿತ್ತು ಬರಬೇಕು.

ಖರೀದಿಗೆ ಮುಂಚೆ ಅಳತೆ. ಕೆಳಕ್ಕೆ ಬಿಡುವ ಕಮೋಡ್ ಎಸ್ ಟ್ರ್ಯಾಪ್, ಹಿಂದಕ್ಕೆ ಗೋಡೆಗೆ ಬಿಡುವುದು ಪಿ ಟ್ರ್ಯಾಪ್. ಎಸ್ ಟ್ರ್ಯಾಪಿನಲ್ಲಿ ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ ಇರುವ ದೂರ ಮಾಡೆಲ್ ಮೇಲೆ ಬದಲಾಗುತ್ತದೆ: 4 ಇಂಚು, 9 ಇಂಚು, 12 ಇಂಚು ಹೀಗೆ. ಮನೆಯಲ್ಲಿ ಪೈಪು 12 ಇಂಚಿಗೆ ಬಂದು, ಅಂಗಡಿಯಿಂದ 9 ಇಂಚಿನದು ಬಂದರೆ ಕಮೋಡ್ ಗೋಡೆಯಿಂದ 3 ಇಂಚು ಮುಂದೆ ನಿಲ್ಲುತ್ತದೆ. ತಿರುಗಾಮುರುಗಾ ಆದರೆ ಗೋಡೆಯನ್ನೇ ಕೆತ್ತಬೇಕು. ಈ ದೂರವನ್ನು ಅಳೆಯುವುದು ಟೈಲ್ಸ್ ಮುಖದಿಂದ, ಗಿಲಾವಿನಿಂದ ಅಲ್ಲ. ಗೋಡೆಗೆ ಟೈಲ್ಸ್ ಕೂತ ಮೇಲೆ ಸುಲಭವಾಗಿ 1 ಇಂಚು ಕಡಿಮೆಯಾಗುತ್ತದೆ. ನಿಮಗೆ ಈಗ ಎಲ್ಲಾ ಒಡೆದಿರುತ್ತೆ, ಆದ್ದರಿಂದ ಮೊದಲು ಮಾಡೆಲ್ ಗಟ್ಟಿ ಮಾಡಿಕೊಂಡು, ಅದರ ಅಳತೆಯ ಚೀಟಿಯನ್ನು ಪ್ಲಂಬರ್ ಕೈಗೆ ಕೊಟ್ಟು, ಅದಕ್ಕೆ ತಕ್ಕ ಹಾಗೆ ಪೈಪು ಕೂರಿಸುವುದು ಸುಲಭ.

ಎದುರು ಗೋಡೆಗೆ ಸರಿಸಬಹುದಾ ಅಂದಿರಿ. ಲೆಕ್ಕ ನೋಡಿ. ಡ್ರೈನ್ ಪೈಪಿಗೆ ಅಡಿಗೆ ಕಾಲು ಇಂಚು ವಾಟ, ಅಂದರೆ ಇಳಿಜಾರು ಬೇಕು. 7 ಅಡಿ ದೂರಕ್ಕೆ ಒಂದೂ ಮುಕ್ಕಾಲು ಇಂಚು ಇಳಿಯಬೇಕು. ಕಮೋಡಿನ ಪೈಪು 110 ಮಿ.ಮೀ., ಅದೇ ನಾಲ್ಕೂಕಾಲು ಇಂಚಿನಷ್ಟು ದಪ್ಪ, ಅದರ ಮೇಲೆ ಕಮೋಡ್ ಕೆಳಗಿನ ಬೆಂಡಿಗೆ ಜಾಗ. ಎಲ್ಲಾ ಸೇರಿ 10 ಇಂಚಾದರೂ ಆಳ ಬೇಕಾಗುತ್ತದೆ. ನಿಮ್ಮ ಸಂಕನ್ 12 ಇಂಚು ಇದ್ದರೆ ಆಗುತ್ತದೆ, 8 ಇಂಚು ಇದ್ದರೆ ಆಗಲ್ಲ. ಆಗುತ್ತದೆ ಅಂದರೂ ನನ್ನ ಸಲಹೆ ಕೇಳಿದರೆ ಬೇಡ. ಕಮೋಡ್ ಹೊರಗಿನ ಪೈಪಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. 7 ಅಡಿ ಅಡ್ಡ ಪೈಪು ನೆಲದೊಳಗೆ ಇರುವುದಕ್ಕಿಂತ 2 ಅಡಿ ಇರುವುದು ವಾಸಿ, ಯಾಕೆಂದರೆ ಅದನ್ನು ಮುಂದೆ ಯಾವತ್ತೂ ಕಣ್ಣಲ್ಲಿ ನೋಡಲು ಆಗುವುದಿಲ್ಲ.

ಪೈಪು ಎಸ್‌ಡಬ್ಲ್ಯುಆರ್ (ಮಲ, ಕೊಳೆನೀರು, ಮಳೆನೀರಿಗೆ ಬಳಸುವ ಪಿವಿಸಿ ಪೈಪು) ಅಂತ ಕೇಳಿ ತನ್ನಿ, ಅದರಲ್ಲೂ ಟೈಪ್ ಬಿ. ಟೈಪ್ ಎ ಮಳೆನೀರಿಗೆ ಮತ್ತು ಗಾಳಿಯ ಪೈಪಿಗೆ. ಕಮೋಡಿಗೆ 110, ಸ್ನಾನದ ನೀರಿಗೆ 75 ಮಿ.ಮೀ. ಎರಡನ್ನೂ ಸಂಕನ್ನಿನೊಳಗೇ ಸೇರಿಸಿಬಿಡುವುದು ಬೇಡ. ಕಮೋಡಿನದು ನೇರ ಚೇಂಬರಿಗೆ, ಸ್ನಾನದ್ದು ಕೆಳಗಿನ ಗಲ್ಲಿ ಟ್ರ್ಯಾಪಿಗೆ (ಹೊರಗೆ ನೆಲದಲ್ಲಿರುವ, ನೀರು ನಿಂತು ವಾಸನೆ ತಡೆಯುವ ಬಾಗು), ಹಳೆ ಮನೆಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ, ಅದನ್ನೇ ಉಳಿಸಿಕೊಳ್ಳಿ. ತಿರುವು ಬೇಕಾದಲ್ಲಿ ಒಂದು 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿಸಿ. ಹೊರಗೋಡೆಯ ಕಡೆಗೆ ಡೋರ್ ಇರುವ ಬೆಂಡ್ ಹಾಕಿಸಿದರೆ, ಮುಂದೆ ಕಟ್ಟಿದಾಗ ಬಚ್ಚಲಿಗೆ ಬರದೆ ಹೊರಗಿಂದಲೇ ಬಿಚ್ಚಿ ತೆಗೆಯಬಹುದು. ಪೈಪಿನ ಕೆಳಗೆ ಎರಡೆರಡು ಅಡಿಗೆ ಇಟ್ಟಿಗೆಯ ಆಸರೆ ಕೊಟ್ಟು ಸುತ್ತ ಗಾರೆ ಹಾಕಿ ಗಟ್ಟಿ ಮಾಡಬೇಕು. ಬರೀ ಚೂರಿನ ಮೇಲೆ ಮಲಗಿಸಿದರೆ ಕಾಲಕ್ರಮೇಣ ಕುಸಿದು ವಾಟ ತಿರುಗುತ್ತದೆ. ರಸಮಟ್ಟ ಇಟ್ಟು ವಾಟವನ್ನು ನೀವೇ ನೋಡಿ, ಗುಳ್ಳೆ ಯಾವ ಕಡೆ ಓಡುತ್ತೆ ಅಂತ ನೋಡಲು ಎಂಜಿನಿಯರಿಂಗ್ ಓದಬೇಕಿಲ್ಲ. ಆಮೇಲೆ ಹೊರಗಿನ ತುದಿಗೆ ಬಿರಡೆ ಹಾಕಿ ಪೈಪಿನ ತುಂಬಾ ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೀರಿನ ಮಟ್ಟ ಅಲ್ಲೇ ಇರಬೇಕು.

ವಾಟರ್‌ಪ್ರೂಫಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಎಲ್ಲಾ ದುಡ್ಡು ನಿಲ್ಲುವುದೂ ಹೋಗುವುದೂ ಇಲ್ಲೇ. ಅಂಗಡಿಯಲ್ಲಿ ಯಾವ ಡಬ್ಬ ಕೊಡುತ್ತಾರೆ ಅನ್ನುವುದಕ್ಕಿಂತ ಯಾವ ಕ್ರಮದಲ್ಲಿ ಮಾಡುತ್ತಾರೆ ಅನ್ನುವುದು ಮುಖ್ಯ. ಗೋಡೆ ದಾಟಿ ಹೊರಗೆ ಹೋಗುವ ಪೈಪಿನ ತುಂಡುಗಳನ್ನು ಮೊದಲು ಕೂರಿಸಿ, ಅವುಗಳ ಸುತ್ತಲಿನ ಸಂದಿಗೆ ಒಣಗಿದರೂ ಕುಗ್ಗದ ಗ್ರೌಟ್ (ಸಂದಿ ತುಂಬುವ ಸಿಮೆಂಟ್ ಮಿಶ್ರಣ) ತುಂಬಬೇಕು. ಬಳಿದು ಮುಗಿಸಿದ ಮೇಲೆ ಪೈಪಿಗೆ ಅಂತ ತೂತು ಕೊರೆದರೆ ಬಳಿದದ್ದು ವ್ಯರ್ಥ. ಸ್ಲ್ಯಾಬೂ ಗೋಡೆಯೂ ಸೇರುವ ಮೂಲೆಗೆ ಗಾರೆಯಲ್ಲಿ ದುಂಡಗೆ ಮಾಡಬೇಕು, ಚೂಪು ಮೂಲೆಯಲ್ಲಿ ಬಳಿದ ಪದರ ಮೊದಲು ಬಿರಿಯುತ್ತದೆ. ಆಮೇಲೆ ಪಾಲಿಮರ್ ಸಿಮೆಂಟ್ ಕೋಟಿಂಗ್ ಎರಡು ಸಲ. ಮೊದಲನೆಯದು ಉದ್ದಕ್ಕೆ ಬಳಿದರೆ ಎರಡನೆಯದು ಅಡ್ಡಕ್ಕೆ, ಮಧ್ಯೆ ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಟ್ಟು. ಸಂಕನ್ನಿನ ನಾಲ್ಕೂ ಗೋಡೆಗೆ, ಅಲ್ಲಿಂದ ಮೇಲೆ ನೆಲದಿಂದ 1 ಅಡಿ ಎತ್ತರಕ್ಕೆ, ಸ್ನಾನ ಮಾಡುವ ಕಡೆ 6 ಅಡಿ ತನಕ.

ಪೂರ್ತಿ ಗಟ್ಟಿಯಾದ ಮೇಲೆ ನೀರು ನಿಲ್ಲಿಸಿ. 3 ದಿನ. ಮೇಸ್ತ್ರಿ ಒಂದು ದಿನ ಸಾಕು ಅನ್ನುತ್ತಾರೆ, ಅವರಿಗೆ ಮುಂದಿನ ಮನೆಯ ಕೆಲಸ ಕಾಯುತ್ತಿರುತ್ತದೆ. ನೀವು ಒಪ್ಪಬೇಡಿ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆದು ದಿನಾ ಎರಡು ಸಲ ನೋಡಿ, ಕೆಳಗಿನವರ ಅಡುಗೆಮನೆಗೂ ಹೋಗಿ ನೋಡಿ. ಈ 3 ದಿನ ತಪ್ಪಿಸಿದರೆ ತಪ್ಪು ಗೊತ್ತಾಗುವುದು ಟೈಲ್ಸ್ ಕೂತ ಮೇಲೆಯೇ. ಸೋರದಿದ್ದರೆ ಕೋಟಿಂಗ್ ಮೇಲೆ ಮುಕ್ಕಾಲು ಇಂಚು ಗಾರೆ ಹಾಸಿ ಮುಚ್ಚಿಸಿ, ಇಲ್ಲದಿದ್ದರೆ ಇಟ್ಟಿಗೆ ಚೂರು ಸುರಿಯುವಾಗಲೇ ಗೀರು ಬೀಳುತ್ತದೆ.

ಕೋಟಿಂಗ್ ಬಳಿಯುವ ಮುಂಚೆ, ಹೊರಗೆ ಹೋಗುವ ಪೈಪು ಕೂರಿಸುವಾಗಲೇ ಇನ್ನೊಂದು ಕೆಲಸ ಮಾಡಿಸಿ. ಸಂಕನ್ನಿನ ತಳದಲ್ಲಿ, ಎಲ್ಲಕ್ಕಿಂತ ಕೆಳಗಿನ ಮೂಲೆಯಲ್ಲಿ, ಸ್ಲ್ಯಾಬಿನ ಮಟ್ಟಕ್ಕೇ ಒಂದೂವರೆ ಇಂಚಿನ ಸಣ್ಣ ಪೈಪು ಇಟ್ಟು, ಅದನ್ನು ಹೊರಗೋಡೆಯಿಂದಾಚೆ ತೆಗೆದು, ಬೇರೆ ಯಾವ ಪೈಪಿಗೂ ಸೇರಿಸದೆ ಕಣ್ಣಿಗೆ ಕಾಣುವ ಹಾಗೆ ಬಿಡಿ. ಒಳಬಾಯಿಗೆ ಜಾಲಿ ಕಟ್ಟಿ ಸುತ್ತ ಜಲ್ಲಿ ಹಾಕಿ, ಹೊರಬಾಯಿಗೆ ಸೊಳ್ಳೆ ಪರದೆ. ಅದಕ್ಕೂ ಬೀಮ್ ಕೊರೆಯಬಾರದು, ಹಳೆ ಪೈಪಿನ ತೂತಿನ ಪಕ್ಕದಲ್ಲೇ ದಾರಿ ಸಿಗುತ್ತದಾ ನೋಡಿ. ನಾನು ಇದನ್ನು ಸಾಕ್ಷಿ ಪೈಪು ಅಂತ ಕರೆಯುತ್ತೇನೆ. ಹತ್ತು ವರ್ಷದ ಮೇಲೆ ಎಲ್ಲೋ ಒಂದು ಜಾಯಿಂಟ್ ಬಿಟ್ಟರೆ ನೀರು ತೊಟ್ಟಿಯಲ್ಲಿ ನಿಲ್ಲದೆ ಇಲ್ಲಿಂದ ಹನಿಯುತ್ತದೆ. ಕೆಳಗಿನವರ ಸೀಲಿಂಗ್ ಒದ್ದೆಯಾಗುವ ಮುಂಚೆ ನಿಮಗೆ ಸುದ್ದಿ ಸಿಗುತ್ತದೆ.

ತುಂಬುವುದಕ್ಕೆ ಹಳೆ ಇಟ್ಟಿಗೆ ಚೂರನ್ನೇ ವಾಪಸ್ ಹಾಕಿಸಬೇಡಿ. ಹಗುರ ಎಎಸಿ ಬ್ಲಾಕಿನ (ಒಳಗೆ ಗಾಳಿಗುಳ್ಳೆ ಇರುವ ಕಾಂಕ್ರೀಟ್ ಇಟ್ಟಿಗೆ) ತುಂಡು ಸಿಗುತ್ತದೆ, ಮೂರನೇ ಒಂದು ಭಾಗದಷ್ಟೇ ತೂಕ. ಅದರ ಮೇಲೆ ಕಾಂಕ್ರೀಟ್ ಹಾಸು, ಹಾಸಿನ ಮೇಲೆ ಮತ್ತೊಮ್ಮೆ ಎರಡು ಕೋಟ್ ವಾಟರ್‌ಪ್ರೂಫಿಂಗ್, ನಹಾನಿ ಟ್ರ್ಯಾಪಿನ ಕುತ್ತಿಗೆಯ ತನಕ. ಮತ್ತೆ 2 ದಿನ ನೀರು. ಕೆಳಗಿನ ಕೋಟ್ ಇದ್ದ ಮೇಲೆ ಇದು ಯಾಕೆ ಅಂತ ಕೇಳುತ್ತಾರೆ. ನೀರು ಸಂಕನ್ನಿಗೆ ಇಳಿಯದಂತೆ ತಡೆಯುವುದು ಮೇಲಿನದು, ಇಳಿದರೂ ಸ್ಲ್ಯಾಬಿಗೆ ತಾಗದಂತೆ ಕಾಯುವುದು ಕೆಳಗಿನದು. ಎರಡೂ ಬೇಕು.

ನಹಾನಿ ಟ್ರ್ಯಾಪ್ ತರುವಾಗ ಒಳಗೆ 2 ಇಂಚು ನೀರು ನಿಲ್ಲುವಂಥದ್ದೇ ತನ್ನಿ. ಹಳೆಯವುಗಳಲ್ಲಿ ಇದು ಅರ್ಧ ಇಂಚೂ ಇರುವುದಿಲ್ಲ, ಬೇಸಿಗೆಯಲ್ಲಿ ಒಂದು ವಾರ ಊರಿಗೆ ಹೋಗಿ ಬಂದರೆ ಒಣಗಿ ವಾಸನೆ ಬರುತ್ತದೆ. ಪಕ್ಕದಲ್ಲಿ ಹೆಚ್ಚಿನ ಬಾಯಿಗಳಿರುವ ಟ್ರ್ಯಾಪ್ ತಂದರೆ ಬೇಸಿನ್ ನೀರನ್ನೂ ಅದಕ್ಕೇ ಸೇರಿಸಬಹುದು, ಬೇಸಿನ್ ನೀರು ದಿನಾ ಹೋಗುವುದರಿಂದ ಟ್ರ್ಯಾಪ್ ಒಣಗುವುದೂ ಇಲ್ಲ. ನೆಲದ ಟೈಲ್ಸ್ 1 ಅಡಿಯ ಮ್ಯಾಟ್ ಇರಲಿ. 2 ಅಡಿಯ ದೊಡ್ಡ ಟೈಲ್ಸ್ ನೋಡಲು ಚೆಂದ, ಆದರೆ ಸಣ್ಣ ಬಚ್ಚಲಿನಲ್ಲಿ ಅದಕ್ಕೆ ವಾಟ ಕೊಡುವುದು ಕಷ್ಟ. ನೆಲಕ್ಕೆ ಅಡಿಗೆ 3ರಿಂದ 4 ಮಿ.ಮೀ. ವಾಟ ಸಾಕು. ಗಾರೆ ಗಟ್ಟಿಯಾಗುವ ಮುಂಚೆ ಒಂದು ಚೊಂಬು ನೀರು ಸುರಿದು ಎಲ್ಲೂ ನಿಲ್ಲುತ್ತಿಲ್ಲ ಅಂತ ನೋಡಿಕೊಳ್ಳಿ.

ನೀರು ತರುವ ಪೈಪೂ ಇದೇ ಸಲ ಬದಲಾಗಲಿ. 1997ರದು ಅಂದರೆ ಬಹುತೇಕ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಒಳಗೆ ತುಕ್ಕು ಕಟ್ಟಿ ಪೆನ್ಸಿಲಿನಷ್ಟು ದಾರಿ ಉಳಿದಿರುತ್ತದೆ. ಬಿಸಿ, ತಣ್ಣೀರು ಎರಡಕ್ಕೂ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು) ಹಾಕಿಸಿ, ಹಳೆ ಕಬ್ಬಿಣದ ಪೈಪಿಗೆ ಸೇರುವ ಕಡೆ ಹಿತ್ತಾಳೆ ಚೂಡಿಯ (ತಿರುಪಿನ) ಫಿಟಿಂಗ್. ಅಂಟು ಹಾಕಿ ಒಂದು ದಿನ ಬಿಟ್ಟು, ಗೋಡೆ ಮುಚ್ಚುವ ಮುಂಚೆ ಕೈಪಂಪಿನಿಂದ ಪ್ರೆಶರ್ ಟೆಸ್ಟ್ ಮಾಡಿಸಿ. ಮುಚ್ಚುವ ಮುಂಚೆ ಗೋಡೆಯ ಮೇಲೆ ಟೇಪು ಹಿಡಿದು ಫೋಟೊ ತೆಗೆದಿಡಿ, ಮುಂದೆ ಕನ್ನಡಿಗೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಪ್ರತಿ ಪಾಯಿಂಟಿಗೂ ಒಂದೊಂದು ಆಂಗಲ್ ಕಾಕ್ (ಅಲ್ಲಿಯ ನೀರು ಮಾತ್ರ ನಿಲ್ಲಿಸುವ ಸಣ್ಣ ವಾಲ್ವ್) ಇದ್ದರೆ ಒಂದು ವಾಷರ್ ಹಾಕಲು ಇಡೀ ಮನೆಯ ನೀರು ನಿಲ್ಲಿಸಬೇಕಾಗಿಲ್ಲ.

ನಿಮ್ಮ ದೊಡ್ಡ ಶವರಿನ ಆಸೆಗೆ ಒಂದು ಅಡ್ಡಿ ಇದೆ. ಶವರ್ 7 ಅಡಿ ಎತ್ತರದಲ್ಲಿ, ಸೀಲಿಂಗ್ 10 ಅಡಿ, ತಾರಸಿಯ ಮೇಲೆ ಟ್ಯಾಂಕಿನ ಕಟ್ಟೆ 3 ಅಡಿ ಅಂತಿಟ್ಟುಕೊಳ್ಳಿ. ಶವರಿಗೂ ಟ್ಯಾಂಕಿನ ತಳಕ್ಕೂ ಇರುವುದು ಆರೂವರೆ ಅಡಿ, ಟ್ಯಾಂಕ್ ತುಂಬಿದ್ದರೆ ಒಂಬತ್ತೋ ಹತ್ತೋ ಅಡಿ. 33 ಅಡಿ ಎತ್ತರದ ನೀರಿಗೆ 1 ಬಾರ್ ಒತ್ತಡ. ನಿಮಗೆ ಸಿಗುವುದು 0.2ರಿಂದ 0.3 ಬಾರ್. ಅಗಲ ಶವರ್‌ಗಳು ಚೆನ್ನಾಗಿ ಬೀಳಲು ಸಾಮಾನ್ಯವಾಗಿ 1 ಬಾರಿನಷ್ಟು ಬೇಕು. ಪ್ರೆಶರ್ ಪಂಪ್ ಹಾಕಬಹುದು, ಆದರೆ ಮನೆಯ ಉಳಿದ ಹಳೆ ಜಿಐ ಪೈಪು ಆ ಒತ್ತಡ ತಡೆಯುತ್ತಾ ಅನ್ನುವುದು ಪ್ರಶ್ನೆ, ಮತ್ತು ತಾರಸಿಯಲ್ಲಿ ಮಾಮೂಲಿ ಸೋಲಾರ್ ಇದ್ದರೆ ಅದರ ಬಿಸಿನೀರಿನ ತೊಟ್ಟಿಗೆ ಪಂಪಿನ ಒತ್ತಡ ಕೊಡುವಂತಿಲ್ಲ. ಸಣ್ಣ ಕೈ ಶವರ್ ಸಾಕು. ಕೂತು ಸ್ನಾನ ಮಾಡುವ ಅತ್ತೆಯವರಿಗೆ ಅನುಕೂಲವಾಗುವುದೂ ಅದೇ.

ಅತ್ತೆಯವರ ವಿಷಯಕ್ಕೆ ಬಂದರೆ, ಮಾಮೂಲಿ ಕಮೋಡಿನ ಎತ್ತರ 15ರಿಂದ 16 ಇಂಚು. ಮಂಡಿನೋವಿನವರಿಗೆ 17ರಿಂದ 19 ಇಂಚಿನವು ಬರುತ್ತವೆ. ಅಂಗಡಿಗೆ ಅವರನ್ನೇ ಕರೆದುಕೊಂಡು ಹೋಗಿ ಕೂರಿಸಿ ನೋಡಿ, ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಗೋಡೆಗೆ ನೇತು ಹಾಕುವ ಕಮೋಡ್ ತೋರಿಸುತ್ತಾರೆ, ಎತ್ತರ ಬೇಕಾದ ಹಾಗೆ ಇಡಬಹುದು ಅನ್ನುತ್ತಾರೆ, ಅದು ನಿಜ. ಆದರೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಗೆ ಬರೀ ಬೋಲ್ಟ್ ಹಾಕಿ ನೇತು ಹಾಕಿಸಬೇಡಿ, ನೆಲಕ್ಕೂ ಗೋಡೆಗೂ ಕಚ್ಚುವ ಕಬ್ಬಿಣದ ಫ್ರೇಮ್ ಬೇಕೇ ಬೇಕು. ಹಿಡಿದು ಏಳುವ ಹಿಡಿಕೆಗೆ ಎತ್ತರವನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿ. ಅವರನ್ನು ಅದೇ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಏಳುವಾಗ ಕೈ ಎಲ್ಲಿಗೆ ಹೋಗುತ್ತೆ ನೋಡಿ ಗೋಡೆಯ ಮೇಲೆ ಗುರುತು ಮಾಡಿ. ಬಾಗಿಲು ಹೊರಗೆ ತೆರೆಯುವ ಹಾಗೆ ಮಾಡಿಸಲು ಆದರೆ ಮಾಡಿಸಿ, ಒಳಗೆ ಯಾರಾದರೂ ಬಿದ್ದರೆ ಒಳಗೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ.

ಕಮೋಡ್ ಕೂರಿಸುವಾಗ ತಳದ ತುಂಬಾ ಸಿಮೆಂಟ್ ಮೆತ್ತುವುದು ಬೇಡ. ನೆಲಕ್ಕೆ ಸ್ಕ್ರೂ, ಪೈಪಿಗೆ ರಬ್ಬರ್ ಕನೆಕ್ಟರ್, ಸುತ್ತ ಸಿಲಿಕಾನ್. ಸಿಮೆಂಟ್ ಹಾಕಿದರೆ ಪಿಂಗಾಣಿ ಬಿರಿಯುವ ಭಯ ಒಂದು, ಮುಂದೆ ತೆಗೆಯಬೇಕಾದರೆ ಒಡೆದೇ ತೆಗೆಯಬೇಕು ಅನ್ನುವುದು ಇನ್ನೊಂದು.

ಎಲ್ಲಾ ಸೇರಿ 18ರಿಂದ 20 ದಿನ ಅಂದುಕೊಳ್ಳಿ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಬರೀ ಕಾಯುವ ದಿನಗಳು, ನೀರು ನಿಲ್ಲಿಸಿ, ಒಣಗಲು ಬಿಟ್ಟು. ಅಷ್ಟು ದಿನ ಅತ್ತೆಯವರನ್ನು ಕೆಳಗೆ ಬಚ್ಚಲು ಇರುವ ನೆಂಟರ ಮನೆಗೆ ಕಳಿಸಿ. ಬಾಡಿಗೆಯವರಿಗೂ ಮೊದಲೇ ತಿಳಿಸಿ, ಅವರ ಅಡುಗೆಮನೆಗೆ ಹೋಗಿ ಬರುವುದು ದಿನಾ ಇರುತ್ತದೆ. ಕೆಲಸ ಮುಗಿದ ಕೂಡಲೇ ಅವರ ಸೀಲಿಂಗ್‌ಗೆ ಪೇಂಟ್ ಹೊಡೆಸಿಬಿಡೋಣ ಅನಿಸುತ್ತದೆ, ಹೊಡೆಸಬೇಡಿ. ಸ್ಲ್ಯಾಬ್ ಕುಡಿದ ನೀರು ಹೊರಗೆ ಬರಲು ತಿಂಗಳುಗಳೇ ಬೇಕು, ಕಲೆ ಸ್ವಲ್ಪ ದಿನ ಹಾಗೇ ಕಾಣುತ್ತದೆ, ಅದನ್ನು ನೋಡಿ ಮತ್ತೆ ಸೋರುತ್ತಿದೆ ಅಂತ ಗಾಬರಿಯಾಗಬೇಡಿ. ಕಲೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದಿಡಿ. ಗೆರೆ ದಾಟಿ ಬೆಳೆದರೆ ಮಾತ್ರ ನನಗೆ ಬರೆಯಿರಿ.